‘ಹೋಗಿ ಬಾ’ ಬಟನ್ನಿನ ಜೀಪು

ಒಂದಾನೊಂದು ಊರಿನಲ್ಲಿ ರಸ್ತೆಯೇ ಇರಲಿಲ್ಲ. ರಸ್ತೆ ಇರುವ ಊರಿನ ಕತೆ ಬೇಕಾದವರು ಈಗಲೇ ಎದ್ದು ಹೋಗಬಹುದು. ಯಾರೂ ಏಳಲಿಲ್ಲವಾ? ಹಾಗಾದರೆ ಕೇಳಿ.

ಆ ಊರಿನ ಕಲ್ಲಪ್ಪನಿಗೆ ಎರಡು ಮೊಣಕಾಲು ಇದ್ದವು, ಎರಡೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಕಲ್ಲುಗುಡ್ಡದ ಆಚೆ ಅವನ ಅಕ್ಕ ನೀಲವ್ವ ಇದ್ದಳು. ಅವಳಿಗೊಂದು ವಿಚಿತ್ರ ಕಾಯಿಲೆ, ದಿನಕ್ಕೊಂದು ಮುಖ ಮರೆಯುತ್ತಿದ್ದಳು. ಸೋಮವಾರ ಗೌಡರ ಮುಖ, ಮಂಗಳವಾರ ಗೌಡರ ಎಮ್ಮೆಯ ಮುಖ. ಹೀಗೆ ಮರೆತು ಮರೆತು ಇನ್ನು ಹತ್ತೇ ಮುಖ ಉಳಿದಿವೆ, ಕೊನೆಯದು ತಮ್ಮನದು ಎಂದು ಸುದ್ದಿ ಬಂತು. ಕಲ್ಲಪ್ಪ ಅತ್ತೇಬಿಟ್ಟ. ಅಕ್ಕ ಮರೆಯುವ ಮೊದಲು ಅವಳ ಎದುರಿಗೆ ಒಂದು ಗಳಿಗೆ ಕೂರಬೇಕು, ಅಷ್ಟೇ ಅವನ ಆಸೆ.

ಮನೆಯಲ್ಲಿ ಒಂದು ಪುಟ್ಟ ಜೀಪಿತ್ತು. ಗುಡ್ಡವನ್ನೂ ಹತ್ತುತ್ತಿತ್ತು, ಹಳ್ಳವನ್ನೂ ದಾಟುತ್ತಿತ್ತು. ಆದರೆ ಬ್ರೇಕು, ಕ್ಲಚ್ಚು ಎಲ್ಲ ಕಾಲಿನ ಕೆಲಸ. ಕಲ್ಲಪ್ಪ ಮೆಕ್ಯಾನಿಕ್ ದುರುಗವ್ವನಿಗೆ ಹೇಳಿ ಕಳಿಸಿದ.

“ನಿನಗಂತನ ಬ್ಯಾರೆ ಡ್ಯಾಶ್‌ಬೋರ್ಡ್ ಮಾಡ್ತೀನಿ ಕಾಕಾ. ಕಾಲಿನ ಹಂಗೇ ಬ್ಯಾಡ,” ಅಂದಳು ದುರುಗವ್ವ.

ಹಳೇ ಕಪಾಟಿನ ಬಾಗಿಲು ಕೊಯ್ದು ಹಲಗೆ ಮಾಡಿದಳು. ಬ್ರೇಕನ್ನು ಮೊಣಕೈಗೆ ತಂದಳು. ಹಾರ್ನನ್ನು ಮೂಗಿನ ಹತ್ತಿರ ಕೂರಿಸಿದಳು. ಸ್ಪೀಡಿನ ಮುಳ್ಳಿಗೆ ನಾಚಿಕೆ ಸ್ವಭಾವ, ಯಾರಾದರೂ ನೋಡಿದರೆ ಸೊನ್ನೆಗೆ ಓಡಿ ನಿಲ್ಲುತ್ತಿತ್ತು. ಅದಕ್ಕೊಂದು ಪರದೆ ಹೊಲಿದಳು. “ಅದಕ್ಕ ಪರದೆ, ನನಗ?” ಎಂದು ಪೆಟ್ರೋಲಿನ ಮುಳ್ಳು ಮುನಿಸಿಕೊಂಡಿತು. ಅದಕ್ಕೂ ಹೊಲಿದಳು. ಈಗ ಯಾವ ಮುಳ್ಳೂ ಕಾಣುತ್ತಿರಲಿಲ್ಲ, ಆದರೆ ಎಲ್ಲರೂ ನೆಮ್ಮದಿಯಾಗಿದ್ದರು.

ಹೊರಡಿಸಲು ಒಂದು ಬಟನ್ ಬೇಕಲ್ಲ. ಅದರ ಮೇಲೆ ‘ಹೋಗು’ ಎಂದು ಬರೆಯಲು ದುರುಗವ್ವನಿಗೆ ಮನಸ್ಸು ಬರಲಿಲ್ಲ. ಆ ಊರಲ್ಲಿ ಯಾರಿಗೂ ಬರೀ ಹೋಗು ಅನ್ನುವಂತಿರಲಿಲ್ಲ. ಕಳ್ಳನಿಗೂ “ಹೋಗಿ ಬಾರಪ್ಪಾ” ಅಂದಿದ್ದರು. ಪಾಪ, ಅವನು ಮರುದಿನ ಬಂದಿದ್ದ. ಅವಳು ‘ಹೋಗಿ ಬಾ’ ಎಂದೇ ಬರೆದಳು. ಇಷ್ಟಾಗುವಾಗ ಏಳು ದಿನ ಕಳೆದಿತ್ತು.

ಎಂಟನೆಯ ದಿನ ಕಲ್ಲಪ್ಪ ಬಟನ್ ಒತ್ತಿದ. ಜೀಪು ಗುಡ್ಡ ಹತ್ತಿತು, ಇಳಿಯಿತು, ಅಕ್ಕನ ಬಾಗಿಲಿಗೆ ಬಂತು, ಬಂದದ್ದೇ ತಿರುಗಿ ಹೊರಟಿತು.

“ಏ ತಮ್ಮಾ!” ಅಂದಳು ನೀಲವ್ವ.

“ಅಕ್ಕಾ!” ಅಂದ ಕಲ್ಲಪ್ಪ. ಅಷ್ಟರಲ್ಲಿ ಅವನು ಗುಡ್ಡದ ಈಚೆ ಇದ್ದ.

“ಯಾಕ ನಿಲ್ಲಲಿಲ್ಲೋ?” ಎಂದು ಬ್ರೇಕನ್ನು ಕೇಳಿದ.

“ಕರೀಲಾರದ ಮನಿ ಮುಂದ ಹ್ಯಾಂಗ ನಿಲ್ಲಲಿ? ನನಗೂ ಮರ್ಯಾದಿ ಐತಿ,” ಅಂದಿತು ಬ್ರೇಕು.

ಮರುದಿನ ಮತ್ತೆ ಹೋದ. “ಅಕ್ಕಾ, ಒಳಗ ಬಾ ಅನ್ನು!” ಎಂದು ದೂರದಿಂದಲೇ ಕೂಗಿದ.

“ನಿನ್ನ ಮನಿಗೆ ನಿನ್ನ ನಾ ಯಾಕ ಕರೀಲೋ, ಹುಚ್ಚಪ್ಪ!” ಎಂದು ನೀಲವ್ವ ನಕ್ಕಳು. ಜೀಪು ತಿರುಗಿತು. ಅವಳು ಹೇಳಿದ್ದೂ ಸರಿಯೇ. ತಮ್ಮನನ್ನು ಯಾರಾದರೂ ಕರೆಯುತ್ತಾರಾ? ತಮ್ಮ ಬರುತ್ತಾನೆ.

ಹತ್ತನೆಯ ದಿನ ಕಲ್ಲಪ್ಪನ ಮುಖದ ಸರದಿ. ಆದರೂ ಬಟನ್ ಒತ್ತಿದ. ನೀಲವ್ವ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ತಮ್ಮಾ ಅನ್ನಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರ್ರಿ ನೀವು? ಇಂಥಾ ಬಿಸಿಲಾಗ ಬಂದೀರಿ. ಬರ್ರಿ ಒಳಗ, ಕುಂದರ್ರಿ, ಉಂಡು ಹೋಗೀರಂತ.”

ಜೀಪು ನಿಂತಿತು.

ಕಲ್ಲಪ್ಪನಿಗೆ ಸಂತೋಷವೂ ಆಯಿತು, ಎದೆಯೂ ಒಡೆಯಿತು. ಅವಳ ಕೈ ಹಿಡಿದು ಅಳುತ್ತಲೇ ಇಳಿದ. ನೀಲವ್ವ ಅವನನ್ನು ಕೂರಿಸಿ ರೊಟ್ಟಿ ತಂದಳು. ಬಡಿಸುವ ಮೊದಲು ಕರಕಲಾದ ಅಂಚನ್ನು ಸುತ್ತಲೂ ಮುರಿದು ತನ್ನ ಬಾಯಿಗೆ ಹಾಕಿಕೊಂಡಳು, ನಡುವಿನ ಮೆತ್ತಗಿನದನ್ನು ಅವನ ತಾಟಿಗೆ ಇಟ್ಟಳು. ಚಿಕ್ಕಂದಿನಲ್ಲಿ ತಮ್ಮನೊಬ್ಬನಿಗೇ ಅವಳು ಹಾಗೆ ಕೊಡುತ್ತಿದ್ದದ್ದು.

“ಯಾಕೋ ಏನೋ, ನಿಮಗ ಹಿಂಗ ಕೊಡಬೇಕು ಅನಿಸ್ತು,” ಅಂದಳು.

“ಹಿಂಗ ಕೊಡು, ಅಕ್ಕಾ,” ಅಂದ ಕಲ್ಲಪ್ಪ.

ಅಂದಿನಿಂದ ಅವನು ದಿನಾ ಯಾರೋ ಆಗಿ ಹೋಗುತ್ತಾನೆ, ದಿನಾ ತಮ್ಮನಾಗಿ ಉಂಡು ಬರುತ್ತಾನೆ.

ಇದರ ನೀತಿ ಏನೆಂದರೆ, ಜೀಪಿಗೂ ಬಾಯಿ ತುಂಬ ಬಾ ಅನ್ನಬೇಕು. ನನಗೆ ತಿಳಿದದ್ದು ಇಷ್ಟೇ. ಕತೆ ಗುಡ್ಡದಾಚೆ ಊಟಕ್ಕೆ ಕೂತಿದೆ, ಯಾರೂ ಎಬ್ಬಿಸಬೇಡಿ.