ಅಲುಗದ ಕೆರೆ

ನೇತ್ರಾವತಿಯ ತೆಂಕು ದಂಡೆಯಲ್ಲಿ, ನದಿ ಅಗಲವಾಗಿ ಹರಡಿಕೊಂಡು ಕಡಲಿಗೆ ಹತ್ತಿರವಾಗುವ ಕಡೆ, ರೈಲುಹಳಿಯ ಏರಿಗೆ ತಾಗಿಕೊಂಡು ಒಂದು ಕೆರೆ ಇದೆ. ಅದಕ್ಕೆ ಮೆಟ್ಟಿಲಿಲ್ಲ, ತೂಬಿಲ್ಲ. ಯಾವ ಅರಸನೂ ಕಟ್ಟಿಸಿದ ಕೆರೆಯಲ್ಲ ಅದು. ಏರಿಯ ಬದಿ ಕತ್ತಿಯಲ್ಲಿ ಕಡಿದಂತೆ ನೆಟ್ಟಗಿದೆ, ಮಿಕ್ಕ ಬದಿಗಳಲ್ಲಿ ಮುಂಡುಗದ ಪೊದೆ. ತುಸು ದೂರದಲ್ಲಿ ಹಳೆಯ ಹೆಂಚಿನ ಕಾರ್ಖಾನೆಯ ಚಿಮಣಿ ನೆತ್ತಿಯಲ್ಲೊಂದು ಅಶ್ವತ್ಥದ ಗಿಡ ಹೊತ್ತು ನಿಂತಿದೆ. ಕೆರೆಯ ಹೆಸರು ಅಲುಗದ ಕೆರೆ. ಗಾಳಿ ಬೀಸಿದರೂ ನೀರಿನಲ್ಲಿ ಅಲೆ ಏಳುವುದು ಕಡಿಮೆಯಾದ್ದರಿಂದ ಈ ಹೆಸರು ಬಂತೆಂದು ಹೊರಗಿನವರು ತಿಳಿಯುತ್ತಾರೆ. ಊರಿನ ಹಿರಿಯರು ಇದನ್ನು ಒಪ್ಪುವುದಿಲ್ಲ. ಹೆಸರು ಬಂದದ್ದು ಒಬ್ಬ ಹೆಂಗಸಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ರೈಲು ಈ ಕರಾವಳಿಗೆ ಹೊಸತಾಗಿದ್ದ ಕಾಲದಲ್ಲಿ, ಇಲ್ಲಿ ಕೆರೆ ಇರಲಿಲ್ಲ. ಹೆಂಚಿಗೆ ಬೇಕಾದ ಆವೆಮಣ್ಣು ತೆಗೆಯುವ ದೊಡ್ಡ ಹೊಂಡವಿತ್ತು. ಪೂವಕ್ಕ ಎಂಬಾಕೆ ಅಲ್ಲಿ ಮಣ್ಣು ಹೊರುತ್ತಿದ್ದಳು. ಅವಳ ಗಂಡ ನೋಣಯ್ಯ ಮಣ್ಣು ಕಡಿಯುತ್ತಿದ್ದ. ಅವಳ ಬುಟ್ಟಿಗೆ ತುಂಬುವಾಗ ಮಾತ್ರ ನೋಣಯ್ಯನ ಗುದ್ದಲಿಗೆ ಮೈಗಳ್ಳತನ ಬರುತ್ತದೆಂದು ಜೊತೆಯವರು ನಗುತ್ತಿದ್ದರು. ಇವರೆಲ್ಲರ ಮೇಲೆ ದೂಮಪ್ಪ ಮೇಸ್ತ್ರಿ. ಅವನೂ ಒಂದು ಕಾಲದಲ್ಲಿ ಇದೇ ಹೊಂಡದಲ್ಲಿ ಬುಟ್ಟಿ ಹೊತ್ತವನೇ. ಈಗ ಕಾರ್ಖಾನೆಯ ಬಿಳಿ ದೊರೆ ಬಿಟ್ಟುಕೊಟ್ಟ ಹಳೆಯ ಬೂಟು ಹಾಕಿಕೊಂಡು ದಂಡೆಯ ಮೇಲೆ ನಡೆಯುತ್ತಿದ್ದ. ಆ ಬೂಟು ಕಳಚಿ ಮತ್ತೆ ಕೆಸರಿಗೆ ಇಳಿಯಬೇಕಾದೀತೆಂಬ ಹೆದರಿಕೆ ಅವನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಏರಿಯ ಮೇಲೆ ಹಳಿ ಬಿದ್ದು, ಕಾರ್ಖಾನೆಯ ಹೆಂಚು ಮೊದಲ ಸಲ ರೈಲಿನಲ್ಲಿ ಹೋಗುವ ದಿನ ಬಂತು. ಕಡಲಾಚೆಯ ಯಜಮಾನರಿಗೆ ಕಳಿಸಲು ಅದರದೊಂದು ಪಟ ಬೇಕೆಂದು ದೊರೆಗೆ ಆಸೆಯಾಯಿತು. ಮದರಾಸಿನಿಂದ ಪಟದವನು ಮೂರು ಕಾಲಿನ ಪೆಟ್ಟಿಗೆ, ಗಾಜಿನ ಫಲಕ, ಕರಿಬಟ್ಟೆ ಸಮೇತ ಬಂದಿಳಿದ. ಮೇಲೆ ಏರಿಯಲ್ಲಿ ಹೊಗೆಯಾಡುವ ಎಂಜಿನ್, ಕೆಳಗೆ ಹೊಂಡದ ತುಂಬ ಆಳುಗಳು. ಹಾಗೆ ಬರಬೇಕು ಪಟ. ಆಗಿನ ಪೆಟ್ಟಿಗೆಯ ಮುಂದೆ ಅಲುಗಿದವರು ಹೊಗೆಯ ಹಾಗೆ ಮಸುಕಾಗಿಬಿಡುತ್ತಿದ್ದರು. ಅದಕ್ಕಾಗಿ ದೂಮಪ್ಪ ಬೆಳಗಿನಿಂದ ಒಂದೇ ಮಾತು ಸಾರಿದ್ದ: “ಅಲುಗಿದವನ ಮನೆಯವರಿಗೆ ನಾಳೆಯಿಂದ ಇಲ್ಲಿ ಕೆಲಸ ಇಲ್ಲ.” ಹೊಂಡದ ಆಳ ತಿಳಿಯಲೆಂದು ನೋಣಯ್ಯನನ್ನು ಏರಿಯ ಬುಡದಲ್ಲಿ, ನೆಟ್ಟಗೆ ಕಡಿದ ಮಣ್ಣಿನ ಗೋಡೆಗೆ ಬೆನ್ನು ತಾಗಿಸಿ, ಹೆಗಲ ಮೇಲೆ ಗುದ್ದಲಿ ಇಟ್ಟು ನಿಲ್ಲಿಸಿದ. ಪೂವಕ್ಕ ಎದುರಿಗೆ ಬುಟ್ಟಿ ಹೊತ್ತು ನಿಂತಳು.

ಎಂಜಿನ್ ಮೆಲ್ಲಗೆ ಬಂತು. ಅದರ ಭಾರಕ್ಕೆ ನೆಲ ನಡುಗಿತು. ಗಂಡನ ತಲೆಯ ಅಡಿಕೆಹಾಳೆಯ ಮುಟ್ಟಾಳೆಯ ಮೇಲೆ ಮಣ್ಣಿನ ಹರಳು ಉದುರುವುದನ್ನು ಪೂವಕ್ಕ ಕಂಡಳು. ನೋಣಯ್ಯನಿಗೂ ಗೊತ್ತಾಗಿರಬೇಕು, ಅವನ ಕಣ್ಣು ಒಮ್ಮೆ ಮೇಲಕ್ಕೆ ಹೋಗಿ, ದೂಮಪ್ಪನ ಕಡೆ ಹೊರಳಿ, ಕೊನೆಗೆ ಅವಳ ಮೇಲೆ ನಿಂತಿತು. ಕಾಲು ಮಾತ್ರ ಕೀಳಲಿಲ್ಲ. ಅವಳು ಬುಟ್ಟಿ ಎಸೆದು “ಓಡಿ!” ಎಂದು ಕೂಗುವಷ್ಟರಲ್ಲಿ ಗೋಡೆ ಕುಸಿದು ಅವನ ಮೇಲೆ ಕುಳಿತುಬಿಟ್ಟಿತು.

ಧೂಳು ಇಳಿದಾಗ ಮಣ್ಣಿನ ಗುಡ್ಡೆಯಿಂದ ಒಂದು ಕೈ ಹೊರಗಿತ್ತು. ಅದರ ಬೆರಳುಗಳು ಆಡುತ್ತಿದ್ದವು. ಪೂವಕ್ಕ ಬಿದ್ದೆದ್ದು ಹೋಗಿ ಉಗುರಿನಲ್ಲಿ ಮಣ್ಣು ಕೆರೆಯತೊಡಗಿದಳು. ಗುದ್ದಲಿ ಹಿಡಿದ ಗಂಡಸರು ಮುಂದೆ ಬಂದರು. ಏರಿಯ ಮೇಲಿಂದ ದೊರೆ ಏನೋ ಕೇಳಿದ. ಯಾರಾದರೂ ಸಿಕ್ಕಿಕೊಂಡರೇ ಎಂದು ಕೇಳಿದ್ದಂತೆ. ದೂಮಪ್ಪ ತಲೆ ಎತ್ತಿ, ಕೈ ಮುಗಿದು, “ಯಾರೂ ಇಲ್ಲ ದೊರೆ, ಬರೀ ಮಣ್ಣು” ಎಂದ. ಆಳುಗಳೆಲ್ಲ ಆ ಮಾತು ಕೇಳಿದರು. ಮುಂದೆ ಬಂದವರು ಗುದ್ದಲಿ ಕೆಳಗಿಳಿಸಿದರು.

ಪಟದವನು ಅದೇ ಗಾಡಿಯಲ್ಲಿ ಮರಳುವವನು. ಗಾಡಿ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ದೂಮಪ್ಪ ಒಂದು ಬುಟ್ಟಿ ತಂದು ಆ ಕೈಯ ಮೇಲೆ ಬೋರಲು ಹಾಕಿದ. ಆಮೇಲೆ ಪೂವಕ್ಕನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಬಹಳ ಮೆತ್ತಗಿನ ದನಿಯಲ್ಲಿ ಹೇಳಿದ: “ನೋಡು ತಂಗಿ, ನೀನು ಕಿರುಚಿದರೆ ಪಟ ಹಾಳು. ಹಾಳಾದರೆ ಮೊದಲಿನಿಂದ ಎಲ್ಲ ಮತ್ತೆ ಆಗಬೇಕು. ಸುಮ್ಮನೆ ಕೂತರೆ ಒಂದು ಗಳಿಗೆಯ ಕೆಲಸ. ಮುಗಿದ ಕೂಡಲೇ ನಾನೇ ಗುದ್ದಲಿ ಹಿಡಿಯುತ್ತೇನೆ. ಅವನು ಬದುಕಬೇಕಾದರೆ ಅಲುಗಬೇಡ.”

ಅವಳು ಜೊತೆಯವರ ಮುಖ ನೋಡಿದಳು. ಅವರು ಒಬ್ಬೊಬ್ಬರಾಗಿ ಹಿಂದೆ ಸರಿದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಪೂವಕ್ಕ ಅಲ್ಲೇ ಕುಳಿತಳು. ಬುಟ್ಟಿಯ ಅಡಿಗೆ ಕೈ ತೂರಿಸಿ ಗಂಡನ ಕೈ ಹಿಡಿದುಕೊಂಡಳು. ಅವನು ಬಲವಾಗಿ ಹಿಡಿದ. ಪಟದವನು ಕರಿಬಟ್ಟೆಯೊಳಗೆ ತಲೆ ಹಾಕಿದ. ಅಷ್ಟರಲ್ಲಿ ಪಡುವಣದಿಂದ ಒಂದು ಮೋಡ ಬಂದು ಸೂರ್ಯನನ್ನು ಮುಚ್ಚಿತು. ಪಟದವನು ತಲೆ ಹೊರಗೆ ತೆಗೆದು, ಬೆಳಕು ಸಾಲದು, ಕಾಯಿರಿ ಎಂದು ಸನ್ನೆ ಮಾಡಿದ. ದೊರೆ ಚುಟ್ಟಾ ಹಚ್ಚಿದ. ಮೋಡಕ್ಕೆ ಅವಸರವಿರಲಿಲ್ಲ. ಗಂಡನ ಬೆರಳು ತನ್ನ ಬೆರಳನ್ನು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ಪೂವಕ್ಕನಿಗೆ ತಿಳಿಯುತ್ತಿತ್ತು. ಅತ್ತರೆ ಮೈ ಅದುರೀತೆಂದು ಅವಳು ಅಳಲಿಲ್ಲ. ಅಲುಗದಿದ್ದರೆ ಅವನು ಉಳಿಯುತ್ತಾನೆ ಎಂಬ ಒಂದೇ ಮಾತನ್ನು ಹಲ್ಲು ಕಚ್ಚಿ ನಂಬಿದಳು. ಬೆರಳುಗಳು ಸಡಿಲವಾದದ್ದು ಮೋಡ ಸರಿಯುವ ಮೊದಲೇ ಎನ್ನುತ್ತಾರೆ. ಆಗಲೂ ಅವಳು ಅಲುಗಲಿಲ್ಲ. ಬಿಸಿಲು ಬಂತು. ಪಟವಾಯಿತು. ಗಾಡಿ ಕೂಗಿ ಹೊರಟಿತು.

ದೂಮಪ್ಪ ಮಾತಿಗೆ ತಪ್ಪಲಿಲ್ಲ. ಬೂಟು ಕಳಚಿಟ್ಟು ಮೊದಲ ಗುದ್ದಲಿ ಅವನೇ ಹಾಕಿದ. ನೋಣಯ್ಯ ನಿಂತ ಭಂಗಿಯಲ್ಲೇ ಸಿಕ್ಕಿದನೆಂದು ಕೆಲವರು ಹೇಳುತ್ತಾರೆ, ಅದು ಎಷ್ಟು ನಿಜವೋ. ಹೆಣವನ್ನು ಹೊತ್ತೊಯ್ದರು. ಪೂವಕ್ಕ ಏಳಲಿಲ್ಲ. ಮಾರನೆಯ ದಿನ ಆಳುಗಳು ಕೆಲಸಕ್ಕೆ ಬಂದಾಗಲೂ ಹೊಂಡದ ನಡುವೆ ಹಾಗೆಯೇ ಕುಳಿತಿದ್ದಳು. ದೂಮಪ್ಪ ಗದರಿದ, ಬೇಡಿದ, ಕೊನೆಗೆ ಎಳೆಸಲು ನೋಡಿದ. ಅವಳು ಅವನ ಮುಖ ನೋಡಿ, “ನೀವೇ ಹೇಳಿದ್ದಲ್ಲವಾ ಮೇಸ್ತ್ರಿಗಳೇ” ಎಂದಳು. ಅದೇ ಅವಳ ಕೊನೆಯ ಮಾತು. ಅವಳ ಸುತ್ತ ಮಣ್ಣು ಕಡಿಯಲು ಯಾರ ಕೈಯೂ ಏಳಲಿಲ್ಲ. ಅದಕ್ಕೆ ಮುಂಚೆ ಒಮ್ಮೆ ಏಳಬೇಕಾಗಿದ್ದ ಕೈಗಳು ಅವು. ದೊರೆ ಸಿಡಿಮಿಡಿಗೊಂಡು ನದಿಯ ಆಚೆ ಬೇರೆ ಹೊಂಡ ತೋಡಿಸಿದ. ಕೆಲವೇ ದಿನಗಳಲ್ಲಿ ಮುಂಗಾರು ಹಿಡಿದು, ನೀರು ಅವಳ ಸೊಂಟಕ್ಕೆ ಬಂದಾಗ, ಸುದ್ದಿ ತಿಳಿದ ಅಣ್ಣ ಕಾಂತಪ್ಪ ಓಡಿಬಂದು ಅವಳನ್ನು ಬೆನ್ನ ಮೇಲೆ ಹೊತ್ತು ಒಯ್ದ. ಅಣ್ಣನ ಮನೆಯಲ್ಲಿ ಅವಳು ಮುದುಕಿಯಾಗುವ ತನಕ ಬದುಕಿದಳು. ಯಾರು ಕೈ ಹಿಡಿದರೂ ಬಿಡಿಸಿಕೊಳ್ಳುತ್ತಿದ್ದಳಂತೆ. ಹೊಂಡ ತುಂಬಿ ಕೆರೆಯಾಯಿತು. ಅಲುಗದಾಕೆ ಕೂತ ಹೊಂಡ ಎಂದು ಆಳುಗಳು ದನಿ ತಗ್ಗಿಸಿ ಆಡುತ್ತಿದ್ದ ಮಾತು ಸವೆದು ಸವೆದು ಅಲುಗದ ಕೆರೆ ಎಂದು ನಿಂತಿತು.

ಕೆರೆಯ ದಂಡೆಯಲ್ಲಿ ಕಲ್ಲಿಲ್ಲ, ಬರಹವಿಲ್ಲ. ಆದರೆ ಹತ್ತಿರದ ಸಣ್ಣ ನಿಲ್ದಾಣದಲ್ಲಿ, ಪ್ರಯಾಣಿಕರು ಕೂರುವ ಕೋಣೆಯ ಗೋಡೆಗೆ, ಈ ಕಡೆಯ ರೈಲು ಮತ್ತು ಹೆಂಚಿನ ಕಾರ್ಖಾನೆಗಳ ಹಳೆಯ ಛಾಯಾಚಿತ್ರಗಳನ್ನು ದೊಡ್ಡದು ಮಾಡಿಸಿ ತೂಗುಹಾಕಿದ್ದಾರೆ. ಅವುಗಳಲ್ಲೊಂದರಲ್ಲಿ ಏರಿಯ ಮೇಲೆ ಎಂಜಿನ್ ಇದೆ, ಕೆಳಗೆ ಮಣ್ಣಿನ ಗುಡ್ಡೆಯ ಪಕ್ಕ ಒಬ್ಬಳು ಹೆಂಗಸು ಕುಳಿತಿದ್ದಾಳೆ. ‘ಮಧ್ಯಾಹ್ನದ ವಿರಾಮದಲ್ಲಿ ಕಾರ್ಖಾನೆಯ ಆಳುಗಳು’ ಎಂದು ಅಡಿಯಲ್ಲಿ ಅಚ್ಚಾಗಿದೆ. ಗಾಡಿಗೆ ಕಾಯುವವರು ಹತ್ತಿರ ಹೋಗಿ ನೋಡುತ್ತಾರೆ. ಒಂದು ಮುಖವೂ ಮಸುಕಾಗಿಲ್ಲ, ಆಗಿನ ಕಾಲದಲ್ಲೂ ಎಷ್ಟು ಚಂದ ತೆಗೆದಿದ್ದಾರೆ ಎಂದು ಮೆಚ್ಚಿಕೊಂಡು, ಚೀಲ ಎತ್ತಿಕೊಂಡು ಹೊರಡುತ್ತಾರೆ.