ಹಳೆಯ ಕೂಗು

ಹೊಳೆದಂಡೆಯ ಆಶ್ರಮದ ನೀಲಗಂಗವ್ವನವರು ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಹಾಲು ಬಂದರೆ ಮೂಸಿ ನೋಡುವರು. ಹೊಸಬರು ಬಂದರೆ ಮುಖಕ್ಕಿಂತ ಮೊದಲು ಕಾಲು ನೋಡುವರು.

"ಎಲ್ಲಿಂದ ಬಂದೆ ಅಂತ ಬಾಯಿ ಸುಳ್ಳು ಹೇಳಬಹುದು. ಹಿಮ್ಮಡಿ ಹೇಳುವುದಿಲ್ಲ" ಎನ್ನುವರು.

ಶಿಷ್ಯರಿಗೆ ಅವರು ಧ್ಯಾನವನ್ನೂ ಕಲಿಸುತ್ತಿದ್ದರು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನೂ ಕಲಿಸುತ್ತಿದ್ದರು. ಎರಡಕ್ಕೂ ಒಂದೇ ಚಾಪೆ.

ಶಿಷ್ಯ ಕೊಟ್ರೇಶನಿಗೆ ಒಪ್ಪಿಸಿದ್ದು ಸ್ನಾನಘಟ್ಟದ ಗಂಟೆ. ಆಶ್ರಮದಿಂದ ಮೇಲಕ್ಕೆ ಹೊಳೆಗೆ ಅಣೆಕಟ್ಟೆ ಇದೆ. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಮೊಣಕಾಲಿನ ನೀರು ನೋಡನೋಡುತ್ತಲೇ ಕುತ್ತಿಗೆಗೆ ಬರುತ್ತದೆ. ಕೊಟ್ರೇಶನ ಪ್ರೋಗ್ರಾಂ ಅಣೆಕಟ್ಟೆಯ ಕಂಪ್ಯೂಟರನ್ನು ಮತ್ತೆ ಮತ್ತೆ ಕೇಳುತ್ತದೆ, ನೀರು ಬಿಟ್ಟಿರಾ ಎಂದು. ಬಿಟ್ಟೆವು ಎಂಬ ಉತ್ತರ ಬಂದರೆ ಗಂಟೆ ಹೊಡೆಯುತ್ತದೆ. ನೀರಿನಲ್ಲಿದ್ದವರು ಎದ್ದು ದಡಕ್ಕೆ ಓಡಿ ಬರುತ್ತಾರೆ.

"ಮೊದಲು ಆಗಾಗ ಸಂಪರ್ಕ ತಪ್ಪುತ್ತಿತ್ತು ಅವ್ವ" ಎಂದ ಕೊಟ್ರೇಶ ಒಂದು ದಿನ. "ಈಗ ಒಮ್ಮೆಯೂ ತಪ್ಪುವುದಿಲ್ಲ."

"ಒಮ್ಮೆಯೂ?"

"ಒಮ್ಮೆಯೂ."

ಅವ್ವನವರ ಹುಬ್ಬು ಮೇಲೆ ಹೋಯಿತು. "ಏನು ಮಾಡಿದೆ, ತೋರಿಸು."

ಎರಡು ಕಂಪ್ಯೂಟರುಗಳು ಗುಟ್ಟಾಗಿ ಮಾತಾಡಬೇಕಾದರೆ, ಯಾವ ಕಟ್ಟಳೆಯಲ್ಲಿ ಮಾತಾಡುವುದೆಂದು ಮೊದಲು ಒಪ್ಪಿಕೊಳ್ಳಬೇಕು. ಆ ಕಟ್ಟಳೆಗೆ ಟಿಎಲ್‌ಎಸ್ ಎಂದು ಹೆಸರು. ಅದರಲ್ಲಿ ಹೊಸ ಆವೃತ್ತಿಗಳಿವೆ, ಹಳೆಯವೂ ಇವೆ. ಹಳೆಯವುಗಳ ಗುಟ್ಟು ಎಂದೋ ಬಯಲಾಗಿದೆ; ನಡುವೆ ನುಸುಳಿದವನು ಉತ್ತರವನ್ನೇ ತಿರುಚಬಹುದು. ಹಾಗಾಗಿ ಕೊಟ್ರೇಶ ಬಳಸುವ ಲೈಬ್ರರಿ, ಅಂದರೆ ಸಂಪರ್ಕದ ಕೆಲಸಕ್ಕೆಂದೇ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಂ, ಹಳೆಯವನ್ನು ತಾನಾಗಿ ಮುಟ್ಟುವುದಿಲ್ಲ. ಮುಟ್ಟು ಎಂದು ಅದನ್ನು ಬಳಸುವವನೇ ಹೇಳಬೇಕು.

ಕೊಟ್ರೇಶ ಹೇಳಿದ್ದ.

"ಮೊದಲು ಎಲ್ಲಕ್ಕಿಂತ ಹೊಸದಾದ 1.3ರಲ್ಲಿ ಕೇಳುತ್ತದೆ ಅವ್ವ. ಆಗದಿದ್ದರೆ 1.2. ಅದೂ ಆಗದಿದ್ದರೆ ಹಳೆಯ 1.1. ಕೊನೆಗೆ 1.0. ಯಾವುದೋ ಒಂದರಲ್ಲಿ ಉತ್ತರ ಬಂದೇ ಬರುತ್ತದೆ. ಅಣೆಕಟ್ಟೆಯವರೂ ಹಳೆಯದನ್ನು ಇನ್ನೂ ಮುಚ್ಚಿಲ್ಲ."

"1.3 ಯಾಕೆ ಆಗಲಿಲ್ಲ?"

"ನೆಟ್‌ವರ್ಕ್ ಸರಿ ಇರಲಿಲ್ಲ ಅನಿಸುತ್ತದೆ."

"ಯಾರಿಗೆ ಅನಿಸುತ್ತದೆ?"

"ನನಗೆ."

"ಹೂಂ" ಎಂದರು ಅವ್ವ.

ಬೈದಿದ್ದರೆ ಕೊಟ್ರೇಶ ತಡೆದುಕೊಳ್ಳುತ್ತಿದ್ದ. ಆ 'ಹೂಂ' ಅವನಿಗೆ ಸಹಿಸಲಾಗಲಿಲ್ಲ.

"ಈ ಹೊಳೆದಂಡೆಗೆ ಬಂದು ನಮ್ಮ ಮಾತು ತಿರುಚುವವರು ಯಾರಿದ್ದಾರೆ ಅವ್ವ?"

"ಯಾರು ಅಂತ ಗೊತ್ತಿದ್ದರೆ ಅವನೊಬ್ಬನಿಗೇ ಬೇಡಪ್ಪಾ ಅಂತ ಹೇಳಿ ಬರುತ್ತಿದ್ದೆ. ಬಾಗಿಲಿಗೆ ಅಗಳಿ ಯಾಕೆ ಹಾಕುತ್ತಿದ್ದೆ?"

ಈ ಮುದುಕಿಗೆ ಅನುಮಾನವೇ ಊಟ, ಅನುಮಾನವೇ ನಿದ್ದೆ ಎಂದುಕೊಂಡ ಕೊಟ್ರೇಶ.

ಮರುದಿನ ಬೆಳಿಗ್ಗೆ ಅವ್ವನವರೇ ಬಂದು ಕಂಪ್ಯೂಟರ್ ಆರಿಸಿದರು.

"ಇವತ್ತು ಘಟ್ಟ ಕಾಯುವವನು ನೀನು. ಮೊದಲಿನ ಪದ್ಧತಿಯಲ್ಲಿ."

ಕರೆಂಟಿಲ್ಲದ ದಿನಗಳಲ್ಲಿ ಆಶ್ರಮದ ಪದ್ಧತಿ ಬೇರೆ. ಹೊಳೆಯ ತಿರುವಿನಾಚೆ ಒಂದು ಬಂಡೆ. ಅದರ ಮೇಲೆ ಅಂಬಿಗರ ಹುಲುಗಪ್ಪ ಕೂತು ನೀರು ನೋಡುತ್ತಾನೆ. ಘಟ್ಟದ ಬಾಗಿಲಲ್ಲಿ ನಿಂತವನಿಗೆ ಅವನು ಕಾಣುವುದಿಲ್ಲ, ಕೇಳಿಸುತ್ತಾನೆ. ಅಂಥ ದಿನ ಬೆಳಿಗ್ಗೆ ಅವ್ವನವರು ಇಬ್ಬರ ಕಿವಿಯಲ್ಲೂ ಹೊಸದೊಂದು ಜೋಡಿ ಮಾತು ಹೇಳುತ್ತಾರೆ. ಬಾಗಿಲಿನವನು ಒಂದನ್ನು ಕೂಗಬೇಕು, ಬಂಡೆಯವನು ಅದರ ಜೋಡಿಯನ್ನು ಕೂಗಿ ನೀರಿನ ಸುದ್ದಿ ಹೇಳಬೇಕು. ಆಮೇಲಷ್ಟೇ ಬಾಗಿಲು.

ಅದಕ್ಕೂ ಹಿಂದೆ ಒಂದೇ ಕೂಗು ಇತ್ತು. "ಹೊಳೆ ಮಲಗಿದೆಯಾ?" ಎಂದರೆ "ಮಲಗಿದೆ" ಎನ್ನುವುದು. ಅದು ಸುತ್ತಮುತ್ತಲ ಊರಿಗೆಲ್ಲ ಬಾಯಿಪಾಠವಾಗಿತ್ತು. ಒಂದು ವರ್ಷ ಎಮ್ಮೆ ಮೇಯಿಸುವವರು ಆಟಕ್ಕೆಂದು "ಮಲಗಿದೆ" ಎಂದು ಕೂಗಿದರು. ಆ ವರ್ಷದ ಮಾತನ್ನು ಆಶ್ರಮದಲ್ಲಿ ಯಾರೂ ಎತ್ತುವುದಿಲ್ಲ.

ಅಂದಿನ ಜೋಡಿ ಬೀಸುಕಲ್ಲು, ನವಣೆ.

ಕೊಟ್ರೇಶ ಘಟ್ಟಕ್ಕೆ ಹೋಗುವಷ್ಟರಲ್ಲಿ ಹೆಂಗಸರ ಗುಂಪು ಬಂದು ನಿಂತಿತ್ತು. ಮುಂದೆ ಪಕ್ಕದ ಊರಿನ ದ್ಯಾಮವ್ವ, ಅವಳ ಹಿಂದೆ ತುಂಬಿದ ಬಸುರಿ ಮಗಳು.

"ಬೀಸುಕಲ್ಲೋ!" ಎಂದು ಕೂಗಿದ ಕೊಟ್ರೇಶ.

ಉತ್ತರ ಬರುವ ಹೊತ್ತಿಗೆ ಹುಣಸೆಮರಗಳ ಕಡೆಯಿಂದ ಡಬಡಬ ಸದ್ದು. ಜೋಳದ ಹೊಲದಲ್ಲಿ ಯಾರೋ ಗಿಳಿ ಓಡಿಸಲು ಡಬ್ಬ ಬಡಿಯುತ್ತಿರಬೇಕು ಎಂದುಕೊಂಡ.

"ಬೀಸುಕಲ್ಲೋ!"

ಮತ್ತೆ ಡಬಡಬ. ಅದರಡಿಯಲ್ಲಿ ಮನುಷ್ಯರ ದನಿಯೊಂದು ಎದ್ದ ಹಾಗಾಯಿತು, ಮುಳುಗಿತು.

"ಏನು ತಮ್ಮಾ, ಬೀಸುವುದಕ್ಕೆ ಹೆಂಗಸರು ಬೇಕಾದರೆ ನಾವಿದ್ದೇವೆ. ಮೊದಲು ಸ್ನಾನಕ್ಕೆ ಬಿಡು" ಎಂದಳು ದ್ಯಾಮವ್ವ. ಗುಂಪು ನಕ್ಕಿತು.

"ಸ್ವಲ್ಪ ತಡೆಯಿರಿ ಅಕ್ಕ."

"ನಾನು ತಡೆಯುತ್ತೇನಪ್ಪಾ, ಬಸುರಿ ಬಿಸಿಲಲ್ಲಿ ನಿಂತಿದ್ದಾಳೆ. ನೀರು ನೋಡು, ಪಾದ ಮುಳುಗುವಷ್ಟಿಲ್ಲ. ನಿಮ್ಮ ಅವ್ವನ ಅನುಮಾನ ನಿನಗೂ ಅಂಟಿತಾ?"

ಆ ಮಾತು ನಾಟಿತು. ಹುಡುಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕೊಟ್ರೇಶ ಇನ್ನೊಮ್ಮೆ ಕೂಗಿದ. ಇನ್ನೊಮ್ಮೆ ಡಬ್ಬ.

ಅವನು ಬಾಯಿಗೆ ಕೈ ಅಡ್ಡ ಹಿಡಿದ.

"ಹೊಳೆ ಮಲಗಿದೆಯಾ?"

ಡಬ್ಬದ ಸದ್ದು ನಿಂತಿತು. ಉತ್ತರ ತಡವಿಲ್ಲದೆ, ಸ್ಪಷ್ಟವಾಗಿ ಬಂತು.

"ಮಲಗಿದೆ!"

ಕೊಟ್ರೇಶನ ಎದೆ ಹಗುರಾಯಿತು. ಸರಪಳಿ ತೆಗೆದು ಬಾಗಿಲು ತಳ್ಳಿದ. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದ. ಬಗ್ಗಿ ನೋಡಿದರೆ ಕೆಳಗೆ ಇನ್ನೊಂದು ಬೀಗ. ನಿನ್ನೆ ಅದು ಅಲ್ಲಿರಲಿಲ್ಲ.

"ಅಯ್ಯೋ, ಯಾರು ಹಾಕಿದರು..." ಎನ್ನುತ್ತಿದ್ದಂತೆ ಬಂಡೆಯ ಕಡೆಯಿಂದ ಒಡೆದ ಗಂಟಲಿನ ದನಿ ಕೇಳಿಸಿತು.

"ನವಣೆ! ನವಣೆ! ತಡೀರಪ್ಪೋ, ನೀರು ಬಂತು!"

ನೀರು ಬಂದೇ ಬಂತು. ಮೊದಲು ಕೆಳಗಿನ ಮೆಟ್ಟಿಲು ಒದ್ದೆಯಾಯಿತು. ಆಮೇಲೆ ಮೆಟ್ಟಿಲೇ ಕಾಣಲಿಲ್ಲ. ಎಲ್ಲಿಂದಲೋ ಕಿತ್ತು ಬಂದ ಜಾಲಿಗಿಡವೊಂದು ಬೇರು ಮೇಲಾಗಿ ಹೊರಳುತ್ತ ಹೋಯಿತು. ದ್ಯಾಮವ್ವ ಮಗಳ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ.

ಹುಣಸೆಮರದ ಹಿಂದಿನಿಂದ ನೀಲಗಂಗವ್ವನವರು ಬಂದರು. ಒಂದು ಕೈಯಲ್ಲಿ ಖಾಲಿ ಎಣ್ಣೆ ಡಬ್ಬ, ಇನ್ನೊಂದರಲ್ಲಿ ಕೋಲು.

ಕೊಟ್ರೇಶ ಡಬ್ಬವನ್ನೇ ನೋಡಿದ. "ಮಲಗಿದೆ ಅಂದದ್ದು ನೀವಾ?"

"ಡಬ್ಬದೊಳಗೆ ಬಾಯಿಟ್ಟರೆ ನನ್ನ ದನಿಯೂ ಹುಲುಗಪ್ಪನ ದನಿಯೇ."

"ನೀರು ಬರುತ್ತದೆ ಅಂತ ಗೊತ್ತಿತ್ತಾ?"

"ಬೆಳಿಗ್ಗೆ ಅಣೆಕಟ್ಟೆಗೆ ಫೋನು ಮಾಡಿ ಕೇಳಿದ್ದೆ."

"ನಾನು ಹಳೆಯ ಕೂಗು ಕೂಗುತ್ತೇನೆ ಅಂತ?"

"ನಿನ್ನ ಪ್ರೋಗ್ರಾಂ ಓದಿದ್ದೆನಲ್ಲ."

ಅವ್ವನವರು ಡಬ್ಬವನ್ನು ಅವನ ಕೈಗೆ ಕೊಟ್ಟರು.

"ಹೊಸ ಕೂಗನ್ನು ಕದಿಯಲು ನನ್ನಿಂದ ಆಗುತ್ತಿರಲಿಲ್ಲ. ಕೇಳಿಸದ ಹಾಗೆ ಮಾಡಿದೆ, ಅಷ್ಟೇ. ಉಳಿದದ್ದೆಲ್ಲ ನೀನೇ ಮಾಡಿಕೊಟ್ಟೆ."

"ಆ ಬೀಗದ ಕೈ ಕೊಡಿ ಅವ್ವ. ನೀರು ಇಳಿದ ಮೇಲೆ ಬಾಗಿಲು ತೆಗೆಯಬೇಕು."

"ನನ್ನ ಹತ್ತಿರವೇ ಇರಲಿ."

ಆ ದಿನವೇ ಕೊಟ್ರೇಶ ಚಾಪೆಯ ಮೇಲೆ ಕೂತು 1.0 ಅಳಿಸಿದ, 1.1 ಅಳಿಸಿದ. ಒಂದಾಗದಿದ್ದರೆ ಇನ್ನೊಂದು ಎಂದು ಕೆಳಕ್ಕೆ ಇಳಿಯುತ್ತ ಹೋಗುವ ಸಾಲುಗಳನ್ನೂ ಅಳಿಸಿದ. 1.2ಕ್ಕಿಂತ ಕೆಳಗಿನದು ಬೇಡ ಎಂದು ಲೈಬ್ರರಿಗೆ ಖಚಿತವಾಗಿ ಬರೆದ. ಅವ್ವನವರು ಪಕ್ಕದಲ್ಲಿ ಕೂತು ಓದಿದರು. ಮತ್ತೊಮ್ಮೆ ಓದಿದರು.

ಹೊಳೆ ಇಳಿಯಿತು. ಗಂಟೆಯ ಕೆಲಸ ಮತ್ತೆ ಕಂಪ್ಯೂಟರಿನದಾಯಿತು. ದ್ಯಾಮವ್ವನ ಗುಂಪು ಮತ್ತೆ ಬಂತು, ಮಗಳೂ ಬಂದಳು. ಕಿಟಕಿಯಿಂದ ಅವರ ನಗು, ನೀರೆರಚುವ ಸದ್ದು ಕೇಳಿಸುತ್ತಿತ್ತು.

ಆಗ ಪರದೆಯ ಮೇಲೆ ಸಂಪರ್ಕ ವಿಫಲ ಎಂಬ ಸಾಲು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸಾಲು.

ಕೊಟ್ರೇಶನ ಬೆರಳು ಅಭ್ಯಾಸದಿಂದ ಅಳಿಸಿದ ಸಾಲುಗಳ ಕಡೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಅವ್ವ, ಉತ್ತರ ಬರುತ್ತಿಲ್ಲ."

"ಹೂಂ."

"ನೆಟ್‌ವರ್ಕ್..." ಎಂದವನು ಅಲ್ಲಿಗೇ ನಿಲ್ಲಿಸಿದ. "ಯಾಕೆ ಅಂತ ಗೊತ್ತಿಲ್ಲ ಅವ್ವ. ಅಣೆಕಟ್ಟೆಗೆ ಫೋನು ಮಾಡಲೇ?"

"ಮಾಡು. ಮೊದಲು ಗಂಟೆ ಹೊಡಿ."

ಕೊಟ್ರೇಶ ಕಿಟಕಿಯಾಚೆ ನೋಡಿದ. ನೀರು ಮೆಟ್ಟಿಲ ಬುಡದಲ್ಲಿ ತಣ್ಣಗೆ ಹರಿಯುತ್ತಿತ್ತು. ಬಸುರಿ ಹುಡುಗಿ ಕಾಲು ಇಳಿಬಿಟ್ಟು ಕೂತಿದ್ದಳು.

"ಹೊಳೆ ಇಷ್ಟು ಸಮಾಧಾನವಾಗಿದೆ. ಸುಮ್ಮನೆ ಎಬ್ಬಿಸಿದರೆ ದ್ಯಾಮವ್ವ ಬಾಯಿಗೆ ಬಂದ ಹಾಗೆ ಬೈಯುತ್ತಾಳೆ ಅವ್ವ."

"ಬೈಯಲಿ. ಬೈಯಲು ದಡದ ಮೇಲಿರಬೇಕಲ್ಲ."