ನಾಲ್ಕು ಗಾಲಿ, ನಾಲ್ಕು ನಿಂಬೆಹಣ್ಣು

ಯಾವ ಸರ್ಕಾರ, ಯಾವ ಪಡೆ ಅಂತ ನನ್ನನ್ನು ಕೇಳಬೇಡಿ. ಹೊಳೆ ದಂಡೆಯಲ್ಲೊಂದು ಮಠ, ಅಷ್ಟು ಸಾಕು.

ಆಯುಧಪೂಜೆಯ ಬೆಳಗ್ಗೆ ಮಠದ ಮುಂದೆ ಉಕ್ಕಿನ ಕವಚದ ಮೂರು ಗಾಡಿ ಬಂದು ನಿಂತವು. ಮೊದಲನೆಯದರಿಂದ ಶಿವಪುತ್ರ ಇಳಿದ. ಮಠದ ಅನ್ನ ಉಂಡು, ಮಠದ ಸ್ವಾಮಿಗಳಾದ ಅಜ್ಜಾರ ಹತ್ತಿರವೇ ಅಕ್ಷರ ಕಲಿತವನು. ಈಗ ಪಡೆಯ ಡ್ರೈವರ್.

"ಅಜ್ಜಾರ, ಇವೆಲ್ಲಾ ಒಂದೇ ಮನೆತನದ ಗಾಡಿ ನೋಡ್ರಿ" ಅಂದ ಹೆಮ್ಮೆಯಿಂದ. "ಇದರಾಗ ಬಂದೂಕು, ಅದರಾಗ ಜವಾನರು, ಹಿಂದಿಂದು ಗಾಯ ಆದವರನ್ನ ಹೊರೂದು. ಟ್ಯಾಂಕಿನಷ್ಟು ಭಾರ ಇಲ್ಲ. ನಾಕೇ ಗಾಲಿ, ಕುದರಿಹಂಗ ಓಡ್ತಾವು."

"ಎಲ್ಲಿಗೆ ಓಡ್ತಾವು?"

ಶಿವಪುತ್ರ ನೆಲ ನೋಡಿದ. "ಸೇತುವೆ ದಾಟಿ ಆಚೀ ದಂಡಿಗ್ರಿ. ಮೀನು ಹಿಡಿಯೋರ ಗುಡಿಸಲು ತೆರವು ಮಾಡಬೇಕಂತ. ಅವರು ಏಳೂದಿಲ್ಲ ಅಂತಾರ."

"ಏಳದಿದ್ರ?"

"ಮ್ಯಾಲೆ ಹಾಯಿಸ್ರಿ ಅಂತ ಹುಕುಂ ಆಗೇತ್ರಿ."

ಅಷ್ಟರಲ್ಲಿ ಅವನ ಸಾಹೇಬ ಬಂದು ನಾಲ್ಕು ನಿಂಬೆಹಣ್ಣನ್ನು ಅಜ್ಜಾರ ಕೈಗಿಟ್ಟ. "ಬೇಗ ಮುಗಿಸಿ ಸ್ವಾಮಿಗಳೇ. ಗಾಲಿ ಕೆಳಗಿಡಿ, ಹತ್ತಿಸಿಕೊಂಡು ಹೋಗ್ತೀವಿ."

ಅಜ್ಜಾರು ಕುಂಕುಮ ಹಚ್ಚಲಿಲ್ಲ, ಮಂತ್ರ ಹೇಳಲಿಲ್ಲ. ಹಣ್ಣನ್ನು ಉಡಿಗೆ ಹಾಕಿಕೊಂಡು, ಮೊದಲ ಗಾಡಿಯ ಮುಂದಿನ ಬಲಗಡೆ ಗಾಲಿಗೆ ಆತು ಕೂತರು. ಮೈಮೇಲೆ ಹಿಡಿ ಮಾಂಸ ಇಲ್ಲದ ಮುದುಕರು, ಹಟ ನೋಡಿ!

"ಇದೇನಿದು?"

"ಲಿಂಬಿಹಣ್ಣಿನ ಜಾಗಾದಾಗ ಕೂತೀನ್ರಿ. ಹತ್ತಿಸ್ರಿ."

ಸಾಹೇಬನ ಮುಖ ಕೆಂಪಾಯಿತು. "ಶಿವಪುತ್ರ, ಹತ್ತೋ! ಸ್ಟಾರ್ಟ್ ಮಾಡು!"

ಶಿವಪುತ್ರ ಒಳಗೆ ಹೋಗಿ ಕೂತ. ಇಂಜಿನ್ ಗುಡುಗಿತು. ಅಂಗೈ ಅಗಲದ ಗಾಜಿನಲ್ಲಿ ಹೊಳೆ ಕಂಡಿತು, ಆಚೆ ದಂಡೆ ಕಂಡಿತು. ಗಾಲಿಯ ಹತ್ತಿರವೇ ಕೂತ ಅಜ್ಜಾರು ಮಾತ್ರ ಕಾಣಲಿಲ್ಲ.

ಮೇಲಿನ ಮುಚ್ಚಳ ತೆಗೆದು ಕೂಗಿದ. "ಅಜ್ಜಾರ, ಕೈ ಮುಗಿತೀನಿ, ಏಳ್ರಿ! ನೀವು ನನಗ ಕಾಣವಲ್ರಿ!"

ಅಜ್ಜಾರು ತಲೆ ಎತ್ತಿದರು. "ನೀ ನನಗ ಕಾಣ್ತೀಯಪಾ. ಹೊಡಿ ಗಾಡಿ."

ಇಂಜಿನ್ ನಿಂತಿತು. ಶಿವಪುತ್ರ ಕೆಳಗಿಳಿದು ಟೋಪಿ ತೆಗೆದು ಬಾನೆಟ್ ಮೇಲಿಟ್ಟ.

"ಜೈಲಿನಲ್ಲಿ ಕೊಳೀತೀಯ!" ಸಾಹೇಬ ಕಿರುಚಿದ.

"ಕೊಳೀತೀನ್ರಿ. ಗಾಡಿ ಹೊಡಿಯೂದಿಲ್ಲ."

ಹೋಗಿ ಎಡಗಡೆ ಗಾಲಿಯ ಮುಂದೆ ಕೂತ. ಅಜ್ಜಾರು ಒಂದು ನಿಂಬೆಹಣ್ಣನ್ನು ಅವನ ಕೈಗೆ ಕೊಟ್ಟರು.

"ನನ್ನ ಹತ್ತಿರ ಬೇರೆ ಡ್ರೈವರ್ ಇಲ್ಲ ಅಂದುಕೊಂಡ್ರಾ? ಇಬ್ಬರು ಕೂತ ಮಾತ್ರಕ್ಕೆ ಗಾಡಿ ನಿಂತುಬಿಡುತ್ತಾ?"

ಅಜ್ಜಾರು ಉಡಿಯಿಂದ ಇನ್ನೊಂದು ಹಣ್ಣು ತೆಗೆದು ಸಾಹೇಬನ ಮುಂದೆ ಹಿಡಿದರು.

"ಗಾಲಿ ನಾಕ ಅವ ಸಾಹೇಬ್ರ. ಇನ್ನೂ ಎರಡು ಖಾಲಿ. ಬರ್ರಿ, ಕೂಡ್ರಿ."